ಮರಕ್ಕೆ ದೀಪದ ಸರ

ಬಲಿಪಾಡ್ಯಮಿಯಂದು ಅಂಗಳದಲ್ಲಿ ಹಾಲೆಮರದ ಕೊಂಬೆ ನೆಟ್ಟು, ಬಲೀಂದ್ರನಿಗೆ ಹಣತೆ ಹಚ್ಚುವ ಪದ್ಧತಿ ನಮ್ಮ ಕಾಸರಗೋಡು ಸೀಮೆಯಲ್ಲಿ ಹಳೆಯದು. ಎಣ್ಣೆ ತೀರಿದರೆ ಹಣತೆ ತಾನಾಗಿ ಆರುವುದು. ಈಗ ಅದೇ ಅಂಗಳದ ಮಾವು, ಹಲಸುಗಳಿಗೆ ನಾವು ವಿದ್ಯುದ್ದೀಪಗಳ ಸರ ಸುತ್ತುತ್ತೇವೆ. ನೋಡಲು ಸೊಗಸೇ ಸರಿ. ಆದರೆ ನಾವು ಬಿಚ್ಚಿದ ಹೊರತು ಈ ಸರ ಮರವನ್ನು ಬಿಡದು.

ಮರವು ಕಂಬವಲ್ಲ. ಅದರ ಕಾಂಡ ವರ್ಷವರ್ಷವೂ ದಪ್ಪವಾಗುತ್ತದೆ, ತಂತಿ ಹಿಗ್ಗುವುದಿಲ್ಲ. ಎಲೆಗಳು ಸಿದ್ಧಪಡಿಸಿದ ಆಹಾರವು ತೊಗಟೆಯ ಒಳಪದರದ ಮೂಲಕ ಬೇರಿಗಿಳಿಯುತ್ತದೆ. ಬಿಗಿದ ತಂತಿ ಆ ದಾರಿಯನ್ನು ಸುತ್ತಲೂ ಅದುಮಿದರೆ ಬೇರು ಹಸಿಯುತ್ತದೆ, ಮರ ಸೊರಗುತ್ತದೆ. ಮೊಳೆಯ ಗಾಯವು ರೋಗಕ್ಕೆ ಬಾಗಿಲು. ರಾತ್ರಿಯಿಡೀ ದೀಪ ಉರಿದರೆ ಹಕ್ಕಿಗಳಿಗೂ ನೆಮ್ಮದಿಯಿಲ್ಲ. ಮರಗಳ ಮೇಲಿನ ದೀಪಾಲಂಕಾರದ ಪ್ರಶ್ನೆ 2024ರಲ್ಲಿ ಮುಂಬಯಿ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು.

ದೀಪವೇ ಬೇಡವೆಂದು ನಾವು ಹೇಳುತ್ತಿಲ್ಲ. ಹೊರಾಂಗಣಕ್ಕೆಂದೇ ತಯಾರಾದ, ಹೆಚ್ಚು ಬಿಸಿಯೇರದ ಎಲ್‌ಇಡಿ ಸರವನ್ನು ಸಡಿಲವಾಗಿ ಸುತ್ತೋಣ. ಮೊಳೆ ಹೊಡೆಯುವುದು ಬೇಡ. ತಂತಿಯ ಜೋಡಣೆಗಳು ಮಳೆಗೆ ನೆನೆಯದಿರಲಿ. ಮಕ್ಕಳ ಕೈಗೆ ಎಟುಕದಿರಲಿ. ಮಲಗುವ ಮುನ್ನ ದೀಪ ಆರಿಸೋಣ. ತುಳಸಿಪೂಜೆಯ ಮರುದಿನ ಮರೆಯದೆ ಸರ ಬಿಚ್ಚೋಣ. ವರ್ಷವಿಡೀ ನೆರಳು ನೀಡುವ ಮರಕ್ಕೆ ನಾವು ಸಲ್ಲಿಸಬಹುದಾದ ಹಬ್ಬದ ಉಡುಗೊರೆ ಅದೇ.