ಮೂರು ಕಿಲೊ ಹಸಿ ಮೇವಿನ ಲೆಕ್ಕ

ಮುನ್ನೂರು ಕಿಲೊ ತೂಗುವ ಹಸುವಿನ ಜೀವ ತೆಗೆಯಲು ಎಷ್ಟು ಸಯನೈಡ್ ಬೇಕು? ಮೈತೂಕದ ಪ್ರತಿ ಕಿಲೊಗೆ ಸುಮಾರು 2 ಮಿಲಿಗ್ರಾಂ, ಒಟ್ಟು 600 ಮಿಲಿಗ್ರಾಂ. ಚಹಾ ಚಮಚದ ತುಂಬ ಉಪ್ಪು ತೆಗೆದುಕೊಂಡರೆ, ಅದರ ತೂಕದ ಹತ್ತರಲ್ಲೊಂದು ಪಾಲು. ಇಷ್ಟು ವಿಷ ತಯಾರಾಗಲು ಕಾರ್ಖಾನೆ ಬೇಡ. ಮಳೆ ಕೈಕೊಟ್ಟ ಹೊಲದ ಎಳೆ ಜೋಳವೇ ಸಾಕು.

ಜೋಳದ ಗಿಡದಲ್ಲಿ ಧುರಿನ್ ಎಂಬ ರಾಸಾಯನಿಕವಿದೆ. ಅದು ಒಡೆದರೆ ತನ್ನ ತೂಕದ ಸುಮಾರು ಹನ್ನೊಂದನೇ ಒಂದು ಪಾಲು ಹೈಡ್ರೊಜನ್ ಸಯನೈಡ್ ಬಿಡುತ್ತದೆ. ಎಲೆಯ ಹೊರಪದರದ ಕೋಶಗಳಲ್ಲಿ ಧುರಿನ್, ಒಳಗಿನ ಕೋಶಗಳಲ್ಲಿ ಅದನ್ನು ಒಡೆಯುವ ಕಿಣ್ವ. ದನ ಎಲೆಯನ್ನು ಅಗಿದಾಗ ಎರಡೂ ಕೂಡುತ್ತವೆ.

ಒಣಗಿದ ಕಾಳಿನಲ್ಲಿ ಧುರಿನ್ ಇಲ್ಲವೆನ್ನುವಷ್ಟು ಕಡಿಮೆ, ರೊಟ್ಟಿಗೆ ಭಯವಿಲ್ಲ. ಅದೇ ಕಾಳು ಕತ್ತಲಲ್ಲಿ ಮೊಳೆತರೆ, ಕೆಲವೇ ದಿನಗಳಲ್ಲಿ ಕುಡಿಯ ತುದಿಯ ಒಣತೂಕದ ಶೇ 30ರಷ್ಟು ಧುರಿನ್ನೇ! ಗಿಡ ಎತ್ತರವಾದಂತೆ ಈ ಪ್ರಮಾಣ ಇಳಿಯುತ್ತದೆ. ಮಳೆ ಹೋದರೆ ಗಿಡ ಗಿಡ್ಡಕ್ಕೇ ನಿಂತು, ವಿಷ ಅಷ್ಟೇ ಮೈಯಲ್ಲಿ ಸಾಂದ್ರವಾಗುತ್ತದೆ. ಯೂರಿಯಾ ಹೆಚ್ಚು ಬಿದ್ದಿದ್ದರೆ ಇನ್ನೂ ಜಾಸ್ತಿ.

ಒಣತೂಕದ ಕಿಲೊಗೆ 500 ಮಿಲಿಗ್ರಾಂ ಸಯನೈಡಿನ ಒಳಗಿದ್ದರೆ ಮೇವು ಸುರಕ್ಷಿತ, 1,000 ದಾಟಿದರೆ ಅಪಾಯ ಎಂಬುದು ರೂಢಿಯ ಲೆಕ್ಕ. ಹಸಿ ಮೇವಿನ ಐದರಲ್ಲಿ ನಾಲ್ಕು ಪಾಲು ನೀರೆಂದುಕೊಳ್ಳೋಣ. ಆಗ 1,000ದ ಮಟ್ಟದಲ್ಲಿರುವ ಬರೀ 3 ಕಿಲೊ ಹಸಿ ಜೋಳದಲ್ಲಿ 600 ಮಿಲಿಗ್ರಾಂ ಸಯನೈಡ್ ಇರುತ್ತದೆ. ಹಸಿದ ಹಸುವಿಗೆ ಅದು ಹೊಟ್ಟೆಯ ಮೂಲೆಗೂ ಸಾಲದು.

ಸಯನೈಡ್ ಸೇರಿದ ಮೇಲೆ ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ಜೀವಕೋಶಗಳು ಅದನ್ನು ಬಳಸಲಾರವು. ಹಸು ಏದುಸಿರು ಬಿಡುತ್ತ, ಕಾಲು ನಡುಗಿ ಬೀಳುತ್ತದೆ. ರಕ್ತ ಮಾತ್ರ ಕಡುಗೆಂಪಾಗಿ ಹೊಳೆಯುತ್ತಿರುತ್ತದೆ. ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ಬೇಗ ಸಿಕ್ಕರೆ ಬದುಕಬಹುದು, ಆದರೆ ಕೈಯಲ್ಲಿ ಉಳಿಯುವ ಸಮಯ ಹೆಚ್ಚೆಂದರೆ ನಿಮಿಷಗಳ ಲೆಕ್ಕದ್ದು.

ಬರಗಾಲದಲ್ಲಿ ಹೊಲದಲ್ಲಿ ಹಸಿರಾಗಿ ಕಂಡದ್ದೆಲ್ಲ ಮೇವೇ ಅನ್ನಿಸುವುದು ಸಹಜ. ಆದರೂ 50 ದಿನ ತುಂಬದ ಜೋಳಕ್ಕೆ, ಬಾಡಿದ ಜೋಳಕ್ಕೆ, ಕೊಯ್ದ ಮೇಲೆ ಚಿಗುರಿದ ಕೂಳೆಗೆ ದನ ಬಿಡಬೇಡಿ. ಕೊಯ್ದು ಬಿಸಿಲಿಗೆ ಚೆನ್ನಾಗಿ ಒಣಗಿಸಿದರೆ ಸಯನೈಡಿನ ಬಹುಪಾಲು ಗಾಳಿಗೆ ಹೋಗುತ್ತದೆ. ಆಮೇಲೆ ಹಾಕಿ.