ನಡುಮನೆಯ ಬೆಳಕಿನ ಲೆಕ್ಕ

ತೊಟ್ಟಿಮನೆಯ ನಡುಮನೆಗೆ ಬಿಸಿಲು ಬೀಳುವುದಿಲ್ಲ. ಆದರೂ ಹಗಲು ಹೊತ್ತಿನಲ್ಲಿ ಅಲ್ಲಿ ಕುಳಿತು ಅಕ್ಕಿಯಲ್ಲಿನ ಕಲ್ಲು ಆರಿಸಬಹುದು. ಹೊಳೆನರಸೀಪುರ, ಅರಕಲಗೂಡು ಕಡೆಯ ಇಂಥ ಹಳೆಯ ಮನೆಗಳಿಗೆ ಬೆಳಕು ಇಳಿಯುವ ದೊಡ್ಡ ದಾರಿಯೆಂದರೆ ನಡುವಿನ ತೆರೆದ ತೊಟ್ಟಿ. ಅಲ್ಲಿ ಇಳಿದ ಬೆಳಕು ಕಲ್ಲುಹಾಸಿಗೆ ತಗುಲಿ ಮೇಲೇಳುತ್ತದೆ, ಸುತ್ತಿನ ಸುಣ್ಣದ ಗೋಡೆಗೆ ಬಡಿದು ಪಡಸಾಲೆಗೆ ಹರಡುತ್ತದೆ, ಹೊಸ್ತಿಲು ದಾಟಿ ಕೋಣೆಯ ಮೂಲೆಯವರೆಗೂ ಹೋಗುತ್ತದೆ. ಕೋಣೆಯೊಳಗಿನವರಿಗೆ ಸೂರ್ಯ ಕಾಣುವುದೇ ಇಲ್ಲ. ಎದುರಿನ ಸುಣ್ಣದ ಗೋಡೆಯೇ ಅವರ ದೀಪ. ಸ್ವಂತ ಬೆಳಕಿಲ್ಲದೆ, ತನ್ನ ಮೇಲೆ ಬಿದ್ದುದನ್ನೇ ಮರಳಿಸಿ ಬೇರೆಡೆಗೆ ದೀಪವಾಗುವ ಇಂಥ ಮೇಲ್ಮೈಗೆ ದ್ವಿತೀಯಕ ಬೆಳಕಿನ ಮೂಲ ಎನ್ನುತ್ತಾರೆ. ಅದು ಕೊಡುವುದನ್ನು ಮರುಬೆಳಕು ಎಂದು ಕರೆಯಬಹುದು.

ಮನೆ ಅಥವಾ ಗುಡಿಯ ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಅದು ಕಣ್ಣಿಗೆ ಹೇಗೆ ಕಂಡೀತು ಎಂಬ ಚಿತ್ರವನ್ನು ಲೆಕ್ಕ ಹಾಕಿ ಬಿಡಿಸುವಾಗ ಎದುರಾಗುವ ಕಠಿಣ ಕೆಲಸ ಈ ಮರುಬೆಳಕಿನದೇ. ನೇರ ಬೆಳಕು ಸುಲಭ. ಒಂದು ಬಿಂದುವಿನಿಂದ ಸೂರ್ಯನ ಕಡೆಗೆ ಗೆರೆ ಎಳೆದು ನಡುವೆ ಏನಾದರೂ ಅಡ್ಡ ಇದೆಯೇ ಎಂದು ನೋಡಿದರೆ ಬಿಸಿಲೋ ನೆರಳೋ ಗೊತ್ತಾಗುತ್ತದೆ. ಹೀಗೆ ನೇರ ಬೆಳಕನ್ನಷ್ಟೇ ಎಣಿಸಿದರೆ ತೊಟ್ಟಿಯಲ್ಲಿ ಉರಿಬಿಸಿಲು, ನಡುಮನೆಯಲ್ಲಿ ಕಗ್ಗತ್ತಲು. ಆ ಕತ್ತಲನ್ನು ಮುಚ್ಚಲು ಮೊದಮೊದಲ ಪ್ರೋಗ್ರಾಮುಗಳು ಎಲ್ಲ ಕಡೆಗೂ ಒಂದೇ ಸಮನಾದ ಸ್ವಲ್ಪ ಬೆಳಕನ್ನು ಸೇರಿಸುತ್ತಿದ್ದವು. ಬಾಗಿಲ ಬಳಿ ಎಷ್ಟೋ ಮೂಲೆಯಲ್ಲೂ ಅಷ್ಟೇ. ಚಿತ್ರ ಕಾಣುತ್ತಿತ್ತು, ಆದರೆ ಸುಳ್ಳಾಗಿ ಕಾಣುತ್ತಿತ್ತು. ಮನೆಯ ಆಳ ತಿಳಿಯುವುದೇ ಬೆಳಕು ಹಂತಹಂತವಾಗಿ ಕಂದುವ ಬಗೆಯಿಂದ.

ಮರುಬೆಳಕು ಎಷ್ಟೆಂಬುದು ಮೇಲ್ಮೈಯನ್ನು ಅವಲಂಬಿಸಿದೆ. ಒಂದು ಗೋಡೆ ನೂರು ಪಾಲಿನಲ್ಲಿ 80 ಪಾಲು ಮರಳಿಸುತ್ತದೆ ಎಂದುಕೊಳ್ಳೋಣ. ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಇದು ಹೊಂದುವ ಅಂದಾಜು. ಎರಡನೆಯ ಪುಟಿತದಲ್ಲಿ 64, ಮೂರನೆಯದರಲ್ಲಿ 51, ಹೀಗೆ ಮುಂದುವರಿದು ಮರುಬೆಳಕೆಲ್ಲ ಕೂಡಿದರೆ 400 ಪಾಲಾಗುತ್ತದೆ. ಮೊದಲು ಬಿದ್ದುದರ ನಾಲ್ಕು ಪಟ್ಟು. ಅದೇ ಮಸಿ ಹಿಡಿದ, ನೂರಕ್ಕೆ 20 ಪಾಲು ಮಾತ್ರ ಮರಳಿಸುವ ಗೋಡೆಯಾದರೆ 20, 4, ಆಮೇಲೆ ಒಂದಕ್ಕೂ ಕಡಿಮೆ. ಎಲ್ಲ ಸೇರಿ 25. ಬೆಳಕು ಹೊರಗೆ ಸೋರದ, ಪೂರ್ತಿ ಮುಚ್ಚಿದ ಕೋಣೆಯ ಲೆಕ್ಕ ಇದು. ಬಾಗಿಲು ಕಿಟಕಿ ಇದ್ದರೆ ಕಡಿಮೆಯಾಗುತ್ತದೆ. ಆದರೂ ಹಬ್ಬಕ್ಕೆ ಮುನ್ನ ಸುಣ್ಣ ಬಳಿದ ಮನೆ ಯಾಕೆ ಅಷ್ಟು ಬೆಳಗುತ್ತದೆ ಎಂಬುದಕ್ಕೆ ಉತ್ತರ ಇದರಲ್ಲೇ ಇದೆ. ಬಣ್ಣದ ಕತೆಯೂ ಹೀಗೆಯೇ. ಕೆಂಪು ಗಾರೆಯ ನೆಲ ಕೆಂಪನ್ನೇ ಹೆಚ್ಚು ಮರಳಿಸುವುದರಿಂದ ಬಿಳಿ ಗೋಡೆಯ ಬುಡಕ್ಕೆ ಕೆಂಪು ಛಾಯೆ ಹತ್ತುತ್ತದೆ. ಅದಕ್ಕಾಗಿ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಬೇಕು.

1984ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೊಂದು ದಾರಿ ತೋರಿಸಿದರು. ಗೋಡೆ, ನೆಲಗಳನ್ನೆಲ್ಲ ಚಿಕ್ಕ ತುಂಡುಗಳಾಗಿ ಹೆಚ್ಚಿ, ಯಾವ ತುಂಡಿನಿಂದ ಯಾವ ತುಂಡಿಗೆ ಎಷ್ಟು ಬೆಳಕು ಹೋಗುತ್ತದೆ ಎಂದು ಸಮೀಕರಣ ಬಿಡಿಸುವ ಆ ವಿಧಾನದ ಹೆಸರು ರೇಡಿಯಾಸಿಟಿ. ಎರಡು ವರ್ಷಗಳ ನಂತರ ಜೇಮ್ಸ್ ಕಾಜಿಯಾ ಬೆಳಕಿನ ಎಲ್ಲ ಪುಟಿತಗಳನ್ನೂ ಒಳಗೊಳ್ಳುವ ಒಂದೇ ಸಮೀಕರಣ ಬರೆದರು. ಖಾಲಿ ಕೋಣೆಗೆ ರೇಡಿಯಾಸಿಟಿ ಚೆನ್ನಾಗಿ ಒಗ್ಗುತ್ತದೆ. ಆದರೆ ಹತ್ತು ಸಾವಿರ ತುಂಡುಗಳಾದರೆ ಹತ್ತು ಕೋಟಿ ಜೋಡಿಗಳ ಸಂಬಂಧ ನೋಡಬೇಕು. ಆನೆ, ಕುದುರೆ, ಬಳ್ಳಿ, ಹಂಸಗಳ ಸಾಲು ಸಾಲು ಕೆತ್ತನೆಯಿರುವ ಹೊಯ್ಸಳರ ಗೋಡೆಯನ್ನು ತುಂಡು ಮಾಡಹೊರಟರೆ ಒಂದೇ ಪಟ್ಟಿಕೆಗೆ ಹತ್ತು ಸಾವಿರ ಸಾಲದು.

1997ರಲ್ಲಿ ಜರ್ಮನಿಯ ಅಲೆಕ್ಸಾಂಡರ್ ಕೆಲ್ಲರ್ ಈ ಗಂಟನ್ನು ಬೇರೆ ಕಡೆಯಿಂದ ಬಿಚ್ಚಿದರು. ಗೋಡೆಯೆಲ್ಲ ದೀಪವಾಗುತ್ತದೆ ಎಂದಾದರೆ, ಆ ಗೋಡೆಯ ಬದಲು ಅದರ ಮೇಲೆ ಅಲ್ಲಲ್ಲಿ ಚಿಕ್ಕ ಕಲ್ಪಿತ ದೀಪಗಳನ್ನು ಇಟ್ಟುಬಿಟ್ಟರೆ ಸಾಕು. ಆಮೇಲೆ ಉಳಿಯುವುದು ಹಲವು ದೀಪಗಳ ನೇರ ಬೆಳಕಿನ ಲೆಕ್ಕ ಮಾತ್ರ, ಅದು ಕಂಪ್ಯೂಟರಿಗೆ ಆಗಲೇ ಬರುತ್ತಿತ್ತು. ಕಷ್ಟದ ಪ್ರಶ್ನೆಯನ್ನು ಉತ್ತರ ಗೊತ್ತಿರುವ ಪ್ರಶ್ನೆಯಾಗಿ ತಿರುಗಿಸಿದ್ದು ಈ ವಿಧಾನದ ನಿಜವಾದ ಹೆಚ್ಚುಗಾರಿಕೆ.

ಇದು ಹೇಗೆ ನಡೆಯುತ್ತದೆ ಎಂದು ತಿಳಿಯಲು ಹಾಸನ ತಾಲ್ಲೂಕಿನ ದೊಡ್ಡಗದ್ದವಳ್ಳಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ವಿಷ್ಣುವರ್ಧನನ ಕಾಲದಲ್ಲಿ, 1113ರ ಸುಮಾರಿಗೆ, ಕುಲ್ಲಹಣ ರಾಹುತ ಎಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ ಲಕ್ಷ್ಮೀದೇವಿ ಗುಡಿ ಅದು. ಅಲ್ಲಿ ಗರ್ಭಗುಡಿಗಳು ನಾಲ್ಕು. ಮೂರು ಒಂದೇ ನವರಂಗಕ್ಕೆ ತೆರೆದುಕೊಂಡಿವೆ, ನಾಲ್ಕನೆಯದನ್ನು ಉದ್ದನೆಯ ಮಂಟಪವೊಂದು ಸೇರಿಸುತ್ತದೆ. ಒಳಗೆ ಹೋಗುವುದು ಆ ಮಂಟಪದ ಪಕ್ಕಗಳಿಂದ. ಹಾಗಾಗಿ ಬೆಳಕು ಯಾವ ದೇವರ ಎದುರಿನಿಂದಲೂ ಬರದೆ ಮಗ್ಗುಲಿನಿಂದ ಬರುತ್ತದೆ. ದೇವಿಯ ಮುಖ ತಲುಪುವ ಹಗಲಿನ ಬೆಳಕು ನೆಲಕ್ಕೋ ಕಂಬಕ್ಕೋ ಒಮ್ಮೆಯಾದರೂ ತಗುಲಿ ಬಂದದ್ದು.

ಈ ಗುಡಿಯ ಮಾದರಿಯನ್ನು ಕೆಲ್ಲರ್ ವಿಧಾನಕ್ಕೆ ಒಡ್ಡಿದರೆ, ಮೊದಲು ಹೊರಗಿನ ಆಕಾಶ ಮತ್ತು ಸೂರ್ಯನಿಂದ ಬಾಗಿಲುಗಳ ಮೂಲಕ ಬೆಳಕಿನ ಕಣಗಳನ್ನು ಒಳಗೆ ಬಿಡಬೇಕು. ಕಣ ಎಲ್ಲಿ ಬಡಿಯಿತೋ ಅಲ್ಲೊಂದು ಕಲ್ಪಿತ ದೀಪ. ಅದರ ಬಣ್ಣ ಮತ್ತು ಶಕ್ತಿ ಆ ಕಲ್ಲಿನ ಬಣ್ಣದಂತೆ. ಕಲ್ಲು ನೂರಕ್ಕೆ 20 ಪಾಲು ಮರಳಿಸುವುದಾದರೆ ನೂರು ಕಣಗಳಲ್ಲಿ 20 ಮಾತ್ರ ಮುಂದಕ್ಕೆ ಪುಟಿದು ಎರಡನೆಯ ಸುತ್ತಿನ ದೀಪಗಳನ್ನು ಇಡುತ್ತವೆ, ಅವುಗಳಲ್ಲಿ ನಾಲ್ಕು ಮೂರನೆಯ ಸುತ್ತಿಗೆ ಹೋಗುತ್ತವೆ. ಕಣಗಳನ್ನು ಬಿಡುವ ಕ್ರಮದಲ್ಲೂ ಒಂದು ಜಾಣ್ಮೆಯಿದೆ. ಕೈಯಲ್ಲಿ ಎರಚಿದ ರಾಗಿ ಒಂದೆಡೆ ಒತ್ತಾಗಿ ಇನ್ನೊಂದೆಡೆ ತೆಳುವಾಗಿ ಮೊಳೆಯುತ್ತದೆ, ಕೂರಿಗೆಯಲ್ಲಿ ಬಿತ್ತಿದ್ದು ಸಮನಾಗಿ ಏಳುತ್ತದೆ. ಕೆಲ್ಲರ್ ಬಳಸಿದ್ದು ಕೂರಿಗೆಯಂಥ ಸಂಖ್ಯಾಸರಣಿ. ಅದರಿಂದ ಕೆಲವೇ ದೀಪಗಳು ಗುಡಿಯ ಒಳಗೆಲ್ಲ ಹದವಾಗಿ ಹರಡುತ್ತವೆ.

ಎರಡನೆಯ ಹಂತ ನೋಡುವವರ ಕಣ್ಣಿನಿಂದ ಶುರುವಾಗುತ್ತದೆ. ಚಿತ್ರದ ಪ್ರತಿ ಚುಕ್ಕೆಯಲ್ಲಿ ಗುಡಿಯ ಯಾವ ಬಿಂದು ಕಾಣುತ್ತದೆ ಎಂದು ಹುಡುಕಿ, ಆ ಬಿಂದುವಿಗೆ ಪ್ರತಿ ಕಲ್ಪಿತ ದೀಪದಿಂದ ಬರುವ ಬೆಳಕನ್ನು ಕೂಡಬೇಕು. ನೋಡಬೇಕಾದದ್ದು ಮೂರು: ದೀಪ ಮತ್ತು ಬಿಂದು ಒಂದಕ್ಕೊಂದು ಎಷ್ಟು ವಾರೆಯಾಗಿವೆ, ನಡುವಿನ ದೂರವೆಷ್ಟು, ಕಂಬವೇನಾದರೂ ಅಡ್ಡ ಬಂದಿದೆಯೇ. ವಾರೆಯಾದಷ್ಟೂ ಬೆಳಕು ಕುಗ್ಗುವ ನಿಯಮವನ್ನು ಯೊಹಾನ್ ಲ್ಯಾಂಬರ್ಟ್ 1760ರಲ್ಲೇ ಬರೆದಿಟ್ಟಿದ್ದರು. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ.

ಖರ್ಚು ಬರುವುದು ಎಣಿಕೆಯಲ್ಲಿ. ಸಾಧಾರಣ ಟಿವಿ ಪರದೆಯ ಅಳತೆಯ ಚಿತ್ರದಲ್ಲಿ 20,73,600 ಚುಕ್ಕೆಗಳಿರುತ್ತವೆ. ಸಾವಿರ ದೀಪಗಳಿಟ್ಟರೆ ಇನ್ನೂರು ಕೋಟಿಗೂ ಹೆಚ್ಚು ಸಲ ಅಡ್ಡ ಇದೆಯೇ ಎಂದು ಕೇಳಬೇಕು. 2005ರಲ್ಲಿ ಬ್ರೂಸ್ ವಾಲ್ಟರ್ ಮತ್ತು ಸಂಗಡಿಗರು ತೋರಿಸಿದ ಲೈಟ್‌ಕಟ್ಸ್ ಇದಕ್ಕೊಂದು ಪರಿಹಾರ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಮುಸ್ಸಂಜೆ ಎತ್ತರದಲ್ಲಿ ನಿಂತರೆ ಕೆಳಗಿನ ಬೀದಿಯ ದೀಪಗಳನ್ನು ಒಂದೊಂದಾಗಿ ಎಣಿಸಬಹುದು, ದೂರದ ಊರಿನ ದೀಪಗಳೆಲ್ಲ ಕೂಡಿ ಒಂದೇ ಬೆಳಕಿನ ಮಚ್ಚೆ. ಲೈಟ್‌ಕಟ್ಸ್ ಕೂಡ ದೂರದ ಗುಂಪಿಗೆ ಒಂದೇ ದೊಡ್ಡ ದೀಪವನ್ನು ಇಟ್ಟುಕೊಳ್ಳುತ್ತದೆ. ತಪ್ಪು ನೂರಕ್ಕೆ ಎರಡರೊಳಗೆ ಉಳಿಯುತ್ತದೆ ಎಂಬ ಭರವಸೆ ಇದ್ದರೆ ಮಾತ್ರ ಗುಂಪನ್ನು ಹಾಗೇ ಬಿಡುತ್ತದೆ, ಇಲ್ಲವಾದರೆ ಒಡೆದು ನೋಡುತ್ತದೆ.

2007ರಲ್ಲಿ ಮಿಲೋಶ್ ಹಶಾನ್ ಮತ್ತು ಇಬ್ಬರು ಸಹೋದ್ಯೋಗಿಗಳು ಇಡೀ ಲೆಕ್ಕವನ್ನು ಒಂದು ದೊಡ್ಡ ಕೋಷ್ಟಕವಾಗಿ ಕಂಡರು: ಅಡ್ಡಸಾಲಿಗೆ ಒಂದು ಬಿಂದು, ಕಂಬಸಾಲಿಗೆ ಒಂದು ದೀಪ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಚುಕಿ ನೋಡುವಂತೆ, ಕೆಲವೇ ಅಡ್ಡಸಾಲುಗಳನ್ನು ತುಂಬಿ ನೋಡಿ ಯಾವ ದೀಪಗಳು ಒಂದೇ ತೆರನಾಗಿ ವರ್ತಿಸುತ್ತವೆ ಎಂದು ಗುರುತಿಸಿ, ಆಯ್ದ ಕಂಬಸಾಲುಗಳನ್ನು ಮಾತ್ರ ಪೂರ್ತಿ ಲೆಕ್ಕ ಹಾಕಿದರು. ಚಿತ್ರ ಕೆಲವೇ ಸೆಕೆಂಡುಗಳಲ್ಲಿ ಬಂತು.

ಕಲ್ಪಿತ ದೀಪಗಳ ವಿಧಾನಕ್ಕೆ ದೋಷಗಳೂ ಇವೆ. ಕಲ್ಪಿತ ದೀಪದಿಂದ ಒಂದು ಅಡಿ ದೂರದ ಬಿಂದುವಿಗಿಂತ ಒಂದು ಅಂಗುಲ ದೂರದ ಬಿಂದುವಿಗೆ 144 ಪಟ್ಟು ಬೆಳಕು ಸಿಗುತ್ತದೆ. ಹಾಗಾಗಿ ಎರಡು ಗೋಡೆ ಸೇರುವ ಮೂಲೆಗಳಲ್ಲಿ ಇರಬಾರದ ಬೆಳ್ಳಗಿನ ಕಲೆಗಳು ಏಳುತ್ತವೆ. ಅವನ್ನು ಕತ್ತರಿಸಿಹಾಕಿದರೆ ಮೂಲೆ ಬೇಕಾದ್ದಕ್ಕಿಂತ ಕಪ್ಪಾಗುತ್ತದೆ. ಹೊಳಪಿನ ಮೇಲ್ಮೈಯಲ್ಲಿ ಇನ್ನೂ ಕಷ್ಟ. ಬೇಲೂರು, ಹಳೇಬೀಡುಗಳ ನವರಂಗದಲ್ಲಿ ಬಳಪದ ಕಲ್ಲನ್ನು ತಿರುಗಿಸಿ ಕಡೆದು ನುಣುಪುಗೊಳಿಸಿದ ಕಂಬಗಳಿವೆ. ಬಾಗಿಲ ಬೆಳಕು ಅವುಗಳ ಮೈಮೇಲೆ ಉದ್ದನೆಯ ಗೆರೆಯಾಗಿ ನಿಲ್ಲುತ್ತದೆ. ಕಲ್ಪಿತ ದೀಪಗಳನ್ನೇ ನೆಚ್ಚಿದರೆ ಆ ಗೆರೆ ಒಡೆದು ಚುಕ್ಕಿಗಳ ಸರವಾಗುತ್ತದೆ. ಹಶಾನ್ ಮತ್ತು ಸಂಗಡಿಗರು 2009ರಲ್ಲಿ ಬಿಂದುದೀಪದ ಬದಲು ಪುಟ್ಟ ಗೋಳದಷ್ಟು ಅಗಲದ ದೀಪ ಇಟ್ಟು ಈ ಚುಕ್ಕಿಗಳನ್ನು ಬಹಳಷ್ಟು ಕರಗಿಸಿದರು. ಪೂರ್ತಿ ನಿಖರತೆ ಬೇಕಾದಲ್ಲಿ, ಸಿನಿಮಾ ಚಿತ್ರಗಳಲ್ಲಿ, ಈಗ ಹೆಚ್ಚಾಗಿ ಬಳಸುವುದು ಪ್ರತಿ ಕಿರಣದ ಹಾದಿಯನ್ನೂ ಬೇರೆಯಾಗಿ ಹಿಂಬಾಲಿಸುವ ವಿಧಾನ. ಸಮಯ ಕಡಿಮೆಯಿದ್ದಾಗ ಅದರ ಚಿತ್ರ ಮರಳು ಚೆಲ್ಲಿದಂತೆ ಕಾಣುತ್ತದೆ, ಕಲ್ಪಿತ ದೀಪಗಳದು ನುಣುಪಾಗಿ ಬರುತ್ತದೆ.

ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹಂಪಿಯನ್ನು ಡಿಜಿಟಲ್ ರೂಪದಲ್ಲಿ ದಾಖಲಿಸುವ ಯೋಜನೆ ನಡೆಸಿದೆ. ಇಂಥ ದಾಖಲಾತಿಯಲ್ಲಿ ಫೋಟೊಗಳನ್ನು ಜೋಡಿಸಿ ಮಾದರಿ ಕಟ್ಟುವುದು ರೂಢಿ. ಆದರೆ ಫೋಟೊದಲ್ಲಿ ಕಲ್ಲಿನ ಬಣ್ಣದ ಜೊತೆಗೆ ಆ ಹೊತ್ತಿನ ಬಿಸಿಲು, ನೆರಳು, ಮರುಬೆಳಕು ಎಲ್ಲವೂ ಬೆರೆತಿರುತ್ತವೆ. ಅದನ್ನು ಹಾಗೇ ಮಾದರಿಗೆ ಹೊದಿಸಿ ಮತ್ತೆ ಬೆಳಕಿನ ಲೆಕ್ಕ ಹಾಕಿದರೆ ಒಂದೇ ಬೆಳಕು ಎರಡು ಸಲ ಎಣಿಕೆಯಾಗುತ್ತದೆ. ಗೋಡೆ ನಿಜವಾಗಿ ಎಷ್ಟು ಪಾಲು ಮರಳಿಸುತ್ತದೆ ಎಂಬುದನ್ನು ಬೇರೆಯಾಗಿ ಅಳೆಯದೆ ಗುಡಿಯ ಒಳಗಿನ ಬೆಳಕನ್ನು ಉಳಿಸಿಕೊಂಡಂತಾಗುವುದಿಲ್ಲ.

ಗುಡಿಗಳಿಗೆ ಕಾಯುವವರಿದ್ದಾರೆ. ತೊಟ್ಟಿಮನೆಗೆ ಹಾಗಿಲ್ಲ, ತೊಟ್ಟಿಯ ಮೇಲೆ ತಾರಸಿ ಬಿದ್ದ ದಿನವೇ ಅದರ ಬೆಳಕು ಮುಗಿಯಿತು. ಕೆಡವುವ ಮುನ್ನ ಮನೆಯವರು ತೊಟ್ಟಿಯ ಉದ್ದಗಲ, ಗೋಡೆಯ ಎತ್ತರ, ಬಾಗಿಲು ಮತ್ತು ಬೆಳಕಿಂಡಿಗಳ ಅಳತೆ, ನೆಲ ಗೋಡೆಗಳ ಬಣ್ಣ ಬರೆದಿಡಲಿ. ನಡುಮಧ್ಯಾಹ್ನ ಫ್ಲ್ಯಾಶ್ ಹಾಕದೆ, ಗೋಡೆಗೆ ಒಂದು ಬಿಳಿ ಹಾಳೆ ಒರಗಿಸಿ, ಪ್ರತಿ ಕೋಣೆಯ ಒಂದೊಂದು ಫೋಟೊ ತೆಗೆದಿಡಲಿ. ಬಿಳಿ ಹಾಳೆಯೊಂದಿಗೆ ಹೋಲಿಸಿ ಗೋಡೆಯ ಪಾಲನ್ನು ಅಂದಾಜು ಮಾಡಬಹುದು, ಅಳತೆಗಳಿಂದ ಕಲ್ಪಿತ ದೀಪಗಳನ್ನು ಇಡಬಹುದು. ಆ ನಡುಮನೆಯ ಬೆಳಕನ್ನು ಮತ್ತೆ ಲೆಕ್ಕ ಹಾಕಲು ಅಷ್ಟಿದ್ದರೆ ಸಾಕು.