ಅರಣ್ಯಭೂಮಿಯ ಬಳಕೆ ಮತ್ತು ಬೆಲೆ: ಮುಂಬಯಿ ಉಪನಗರಗಳನ್ನು ಕುರಿತು

ಮುಂಬಯಿ ಪ್ರಾಂತದ ಇತಿಹಾಸವನ್ನು ಅಭ್ಯಸಿಸುವ ಕನ್ನಡ ವಿದ್ಯಾರ್ಥಿಗಳು 1862ನ್ನು ಉತ್ತರ ಕನ್ನಡ ಜಿಲ್ಲೆಯು ಮದರಾಸು ಪ್ರಾಂತದಿಂದ ಮುಂಬಯಿಗೆ ವರ್ಗವಾದ ವರ್ಷವೆಂದು ಬಲ್ಲರು. ಆ ವರ್ಗಾವಣೆಯಿಂದ ಭಾಷೆಗೂ ಶಿಕ್ಷಣಕ್ಕೂ ಆದ ಪರಿಣಾಮಗಳು ಚರ್ಚೆಗೆ ಬಂದಷ್ಟು ಕಾಡಿಗೆ ಆದ ಪರಿಣಾಮ ಬಂದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಾಡೂ ಇಂದು ಮುಂಬಯಿಯ ಉಪನಗರಗಳಾಗಿ ಬೆಳೆದಿರುವ ಸಾಷ್ಟಿ ದ್ವೀಪದ ಕಾಡೂ ಅಂದಿನಿಂದ ಒಂದೇ ಸರಕಾರದ, ಒಂದೇ ಉಚ್ಚ ನ್ಯಾಯಾಲಯದ ಅಧೀನಕ್ಕೆ ಬಂದವು. ಸರಕಾರಿ ಕಾಡಿನ ನೆಲವನ್ನು ಬಳಸುವವನು ಎಷ್ಟು ತೆರಬೇಕು, ಆ ಮೊತ್ತವನ್ನು ಮಾರುಕಟ್ಟೆಯ ಬೆಲೆಯಿಂದ ಅಳೆಯಬೇಕೋ ಕಾಡಿನದೇ ಆದ ಬೇರೊಂದು ಲೆಕ್ಕದಿಂದ ಅಳೆಯಬೇಕೋ ಎಂಬ ಇಂದಿನ ಪ್ರಶ್ನೆಯ ಬೇರುಗಳು ಆ ಕಾಲದಲ್ಲಿಯೇ ಇವೆ.

ಮೊದಲು ಇತ್ಯರ್ಥವಾದುದು ಒಡೆತನ. ಕನ್ನಡ ಜಿಲ್ಲೆಯ ಭಾಸ್ಕರಪ್ಪನೆಂಬವರು ಕಾಡಿನ ಮೇಲಿನ ತಮ್ಮ ಹಕ್ಕನ್ನು ಸಾಧಿಸಲು ಕಲೆಕ್ಟರರ ವಿರುದ್ಧ ನಡೆಸಿದ ವ್ಯಾಜ್ಯದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು 1879ರಲ್ಲಿ ಸರಕಾರದ ಪರವಾಗಿ ತೀರ್ಪಿತ್ತಿತು. ಕಾಡು ಸರಕಾರದ್ದೆಂದು ಸ್ಥಾಪಿತವಾದ ಮೇಲೆ ರೈತನಿಗೆ ಉಳಿದದ್ದು ಹಕ್ಕಲ್ಲ, ಸವಲತ್ತು. ಈ ಎರಡು ಪದಗಳ ಅಂತರವನ್ನು ಅಂದಿನ ಅಧಿಕಾರಿಗಳು ಬಹಳ ಎಚ್ಚರದಿಂದ ಕಾಯ್ದುಕೊಂಡರು. ಅಡಿಕೆ ತೋಟಕ್ಕೆ ಸೊಪ್ಪು, ದರಕು, ಕಟ್ಟಿಗೆ ಒದಗಿಸುವ ‘ಬೆಟ್ಟ’ವನ್ನು ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬಿಟ್ಟುಕೊಟ್ಟರು. ಅದು ತೋಟಕ್ಕೆ ಅಂಟಿಕೊಂಡ ಸವಲತ್ತು. ತೋಟದಿಂದ ಬೇರ್ಪಡಿಸಿ ಸಂತೆಯಲ್ಲಿ ಬೆಲೆ ಕೇಳುವಂಥ ಸ್ವತ್ತಲ್ಲ.

ಠಾಣೆ ಜಿಲ್ಲೆಯಲ್ಲಿ ಇದಕ್ಕೆ ಸಂವಾದಿಯಾದದ್ದು ‘ರಾಬ್’. ಭತ್ತದ ಸಸಿಮಡಿಯ ಮೇಲೆ ಸೊಪ್ಪು, ರೆಂಬೆ, ಒಣಹುಲ್ಲುಗಳನ್ನು ಹರಡಿ ಸುಟ್ಟು, ಆ ಬೂದಿಯ ಮೇಲೆ ಬೀಜ ಬಿತ್ತುವ ಪದ್ಧತಿಯಿದು. ಗದ್ದೆಗೆ ಹೊಂದಿಕೊಂಡ ಎತ್ತರದ ‘ವರಕಸ’ ಭೂಮಿಯಿಂದಲೂ ಕಾಡಿನಿಂದಲೂ ರಾಬಿಗೆ ಬೇಕಾದುದನ್ನು ತರುತ್ತಿದ್ದರು. ಅರಣ್ಯದ ಕಟ್ಟುಪಾಡುಗಳು ಬಿಗಿಯಾದಾಗ ಎದ್ದ ದೂರುಗಳನ್ನು ವಿಚಾರಿಸಲು 1885ರಲ್ಲಿ ನೇಮಕಗೊಂಡ ಮುಂಬಯಿ ಅರಣ್ಯ ಆಯೋಗವು ಠಾಣೆ ಮತ್ತು ಕೊಲಾಬಾ ಜಿಲ್ಲೆಗಳ ಸಂಗತಿಗಳನ್ನು ಪರಿಶೀಲಿಸಿ 1887ರಲ್ಲಿ ವರದಿ ಸಲ್ಲಿಸಿತು. ರಾಬ್ ಅದರ ಮುಖ್ಯ ವಿಷಯಗಳಲ್ಲೊಂದು. ಹವ್ಯಕರ ಸೊಪ್ಪಿನಬೆಟ್ಟಕ್ಕೂ ಠಾಣೆಯ ರೈತನ ರಾಬಿಗೂ ಇರುವ ಈ ಸಾದೃಶ್ಯವು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದುದು. ಇಲ್ಲಿ ಪ್ರಸ್ತುತವಾದ ಅಂಶವಿಷ್ಟೆ: ಆ ಕಾಲದಲ್ಲಿ ಮಾರುಕಟ್ಟೆಯ ಬೆಲೆ ಇದ್ದದ್ದು ಮರಕ್ಕೆ. ಸಾಗುವಾನಿ ಹರಾಜಾಗುತ್ತಿತ್ತು. ಮರ ನಿಂತ ನೆಲಕ್ಕೆ ಅಂಥ ಬೆಲೆಯನ್ನು ಯಾರೂ ಎಣಿಸಿರಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಸಾಷ್ಟಿಯ ನೆಲವೇ ಚಿನ್ನವಾಯಿತು. ಬೊರಿವಲಿಯಿಂದ ಠಾಣೆಯವರೆಗೆ ಸುಮಾರು 104 ಚದರ ಕಿಲೋಮೀಟರು ಹಬ್ಬಿರುವ, ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವೆಂದು ಕರೆಯಲ್ಪಡುವ ಕಾಡಿನ ಸುತ್ತ ಮೂರು ಕಡೆಗಳಿಂದಲೂ ನಗರ ಒತ್ತಿಕೊಂಡು ಬಂದಿದೆ. ಕಾನ್ಹೇರಿಯ ಗುಹೆಗಳೂ ನಗರದ ನೀರಿಗಾಗಿ 1860ರಲ್ಲಿ ಸಿದ್ಧವಾದ ವಿಹಾರ ಕೆರೆಯೂ 1879ರ ತುಳಸಿ ಕೆರೆಯೂ ಈ ಕಾಡಿನ ಪರಿಸರದವು. ಬೇಲಿಯ ಆಚೆಗೆ ಕಾಲಿಟ್ಟರೆ ಪ್ರತಿ ಚದರ ಮೀಟರಿಗೂ ಸರಕಾರವೇ ಗೊತ್ತುಪಡಿಸಿದ ದರವಿದೆ. ಮುದ್ರಾಂಕ ಶುಲ್ಕದ ಲೆಕ್ಕಕ್ಕಾಗಿ ಮಹಾರಾಷ್ಟ್ರ ಸರಕಾರ ಪ್ರಕಟಿಸುವ ಈ ಮಾರುಕಟ್ಟೆ ಮೌಲ್ಯದ ತಃಖ್ತೆಯನ್ನು ಮುಂಬಯಿಯ ಜನ ‘ರೆಡಿ ರೆಕನರ್’ ಎಂದೇ ಕರೆಯುತ್ತಾರೆ. ಮನೆ ಕೊಂಡ ಪ್ರತಿಯೊಬ್ಬನಿಗೂ ಇದರ ಪರಿಚಯವುಂಟು.

ಸರಕಾರಿ ಭೂಮಿಯ ಬಾಡಿಗೆಯನ್ನು ಈ ತಃಖ್ತೆಗೆ ಜೋಡಿಸುವ ಪ್ರಯತ್ನ ಅರಣ್ಯದ ಹೊರಗೆ ಆಗಲೇ ನಡೆದಿದೆ. ಕಲೆಕ್ಟರರಿಂದ ದೀರ್ಘಾವಧಿ ಗೇಣಿಗೆ ಪಡೆದ ಜಾಗದಲ್ಲಿ ಕಟ್ಟಿಕೊಂಡ ಬಾಂದ್ರಾದ ಗೃಹನಿರ್ಮಾಣ ಸಂಘಗಳ ನೆಲಬಾಡಿಗೆಯನ್ನು ಸರಕಾರ ಮಾರುಕಟ್ಟೆ ಮೌಲ್ಯದ ಆಧಾರದ ಮೇಲೆ ಏರಿಸಿದಾಗ ಸಂಘಗಳು ನ್ಯಾಯಾಲಯದ ಮೆಟ್ಟಿಲೇರಿದವು. 2024ರ ಜುಲೈಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಆ ನೀತಿಯನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಆದರೆ ಗೇಣಿಯ ಅವಧಿಯ ನಡುವೆ ಐದೈದು ವರ್ಷಕ್ಕೊಮ್ಮೆ ಬಾಡಿಗೆ ಪರಿಷ್ಕರಿಸುವುದನ್ನು ಒಪ್ಪಲಿಲ್ಲ. ಸಾರ್ವಜನಿಕ ಭೂಮಿಯನ್ನು ಅನುಭವಿಸುವವನು ಅದರ ನಿಜವಾದ ಬೆಲೆಗೆ ತಕ್ಕ ಪ್ರತಿಫಲ ಕೊಡಬೇಕೆಂಬ ತತ್ವ ಇಲ್ಲಿ ಸರಳವಾಗಿದೆ, ಏಕೆಂದರೆ ಬಾಂದ್ರಾದ ನೆಲಕ್ಕೆ ಮನೆ ಹೊರುವುದರ ಹೊರತು ಬೇರೆ ಕೆಲಸವಿಲ್ಲ.

ಕಾಡಿನ ನೆಲಕ್ಕೆ ಇದೇ ತತ್ವ ಹೊಂದುತ್ತದೆಯೇ? 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಡನ್ನು ಬೇರೆ ಉದ್ದೇಶಕ್ಕೆ ಬಳಸಲು ಕೇಂದ್ರ ಸರಕಾರದ ಪೂರ್ವಾನುಮತಿ ಬೇಕು. ಮೊದಲಿಗೆ ಬಳಕೆದಾರರಿಂದ ಮುಖ್ಯವಾಗಿ ವಸೂಲು ಮಾಡುತ್ತಿದ್ದುದು ಬೇರೆಡೆ ಗಿಡ ನೆಡುವ ವೆಚ್ಚವನ್ನು. ಗೋದಾವರ್ಮನ್ ತಿರುಮುಲ್ಪಾಡ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2002ರ ಅಕ್ಟೋಬರದಲ್ಲಿ ಇದರ ಜೊತೆಗೆ ಕಾಡಿನ ‘ನಿವ್ವಳ ಪ್ರಸ್ತುತ ಮೌಲ್ಯ’ವನ್ನೂ ಕಟ್ಟಿಸಿಕೊಳ್ಳಬೇಕೆಂದು ವಿಧಿಸಿ, ಹೆಕ್ಟೇರಿಗೆ 5.80 ಲಕ್ಷದಿಂದ 9.20 ಲಕ್ಷ ರೂಪಾಯಿಗಳ ದರವನ್ನು ಒಪ್ಪಿತು. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆಗೆ ಕೊನೆಹಾಡಿದ ಆದೇಶವೂ ಅದೇ ತಿಂಗಳಿನದು ಎಂಬುದು ಕನ್ನಡಿಗರ ಗಮನಕ್ಕೆ ಬರಬೇಕಾದ ಸಂಗತಿ.

ಈ ಪಾರಿಭಾಷಿಕ ಪದವನ್ನು ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯ. ಒಂದು ಹೆಕ್ಟೇರು ಕಾಡು ಮರ, ಸೌದೆ, ಕಿರು ಉತ್ಪನ್ನ, ಮೇವುಗಳನ್ನು ವರ್ಷವರ್ಷವೂ ಕೊಡುತ್ತದೆ. ನೀರನ್ನು ಹಿಡಿದಿಡುತ್ತದೆ, ಇಂಗಾಲವನ್ನು ಹೀರಿಕೊಳ್ಳುತ್ತದೆ, ಪ್ರಾಣಿಪಕ್ಷಿಗಳಿಗೆ ನೆಲೆಯಾಗುತ್ತದೆ. ಇವಕ್ಕೆಲ್ಲ ವಾರ್ಷಿಕ ಮೊತ್ತವೊಂದನ್ನು ಗೊತ್ತುಮಾಡಿ, ನಿಗದಿಯಾದ ವರ್ಷಗಳ ಒಟ್ಟು ಲಾಭವನ್ನು ಇಂದಿನ ಹಣಕ್ಕೆ ಇಳಿಸಿದರೆ ದೊರೆಯುವುದೇ ಪ್ರಸ್ತುತ ಮೌಲ್ಯ. ವರ್ಷಕ್ಕೆ ಶೇಕಡಾ 5ರಂತೆ ಇಳಿಸಿದರೆ ಮುಂದಿನ ವರ್ಷ ಬರುವ ನೂರು ರೂಪಾಯಿ ಇಂದು 95ಕ್ಕೆ ಸಮ. ಇಪ್ಪತ್ತು ವರ್ಷಗಳ ಬಳಿಕ ಬರುವ ನೂರು ರೂಪಾಯಿ ಇಂದು ಸುಮಾರು 38ಕ್ಕೆ ಸಮ. ಮೊಮ್ಮಕ್ಕಳು ಕುಡಿಯಬೇಕಾದ ನೀರು ಈ ಗಣಿತದಲ್ಲಿ ಬಹಳ ಅಗ್ಗವಾಗಿಬಿಡುತ್ತದೆ. ಅದು ಈ ಪದ್ಧತಿಯ ಜನ್ಮಜಾತ ದೋಷ.

2005ರ ಸೆಪ್ಟೆಂಬರದ ತೀರ್ಪಿನಲ್ಲಿ ನ್ಯಾಯಾಲಯವು ಈ ವಸೂಲಿಯನ್ನು ಸಮರ್ಥಿಸಿ, ಲೆಕ್ಕದ ವಿಧಾನವನ್ನು ಸೂಚಿಸಲು ಅರ್ಥಶಾಸ್ತ್ರಜ್ಞೆ ಕಾಂಚನ್ ಚೋಪ್ರಾ ಅವರ ನೇತೃತ್ವದಲ್ಲಿ ತಜ್ಞರ ಸಮಿತಿಯನ್ನು ಏರ್ಪಡಿಸಿತು. ಆ ವರದಿಯನ್ನೂ ಕೇಂದ್ರ ಸಶಕ್ತ ಸಮಿತಿಯ ಅಭಿಪ್ರಾಯವನ್ನೂ ನೋಡಿ 2008ರ ಮಾರ್ಚಿಯಲ್ಲಿ ದೇಶದ ಕಾಡುಗಳನ್ನು ಆರು ವರ್ಗಗಳಾಗಿ, ಪ್ರತಿ ವರ್ಗವನ್ನು ದಟ್ಟಣೆಗೆ ಅನುಸಾರವಾಗಿ ಮೂರು ದರ್ಜೆಗಳಾಗಿ ವಿಂಗಡಿಸಿ 4.38 ಲಕ್ಷದಿಂದ 10.43 ಲಕ್ಷದವರೆಗಿನ ದರಗಳು ಜಾರಿಗೆ ಬಂದವು. ಅಭಯಾರಣ್ಯವಾದರೆ ಐದು ಪಟ್ಟು, ರಾಷ್ಟ್ರೀಯ ಉದ್ಯಾನವಾದರೆ ಹತ್ತು ಪಟ್ಟು. 2022ರಲ್ಲಿ ಪರಿಷ್ಕೃತವಾದಾಗ ಗರಿಷ್ಠ ದರ ಸುಮಾರು 15.95 ಲಕ್ಷಕ್ಕೇರಿತು.

ಈ ಅಂಕಿಗಳನ್ನು ಮುಂಬಯಿಯ ನೆಲಕ್ಕೆ ಇಳಿಸಿ ನೋಡಬೇಕು. ಹೆಕ್ಟೇರೆಂದರೆ ಹತ್ತು ಸಾವಿರ ಚದರ ಮೀಟರು. 15.95 ಲಕ್ಷದ ದರವು ಚದರ ಮೀಟರಿಗೆ 160 ರೂಪಾಯಿಯೂ ಆಗುವುದಿಲ್ಲ. ಉದ್ಯಾನವೆಂದು ಹತ್ತು ಪಟ್ಟು ಮಾಡಿದರೂ 1,600 ರೂಪಾಯಿಯ ಒಳಗೇ ಉಳಿಯುತ್ತದೆ. ಬೇಲಿಯ ಆಚೆ ಬೊರಿವಲಿಯಲ್ಲಿ ವಾಸದ ಮನೆ ಚದರ ಮೀಟರಿಗೆ ಲಕ್ಷ ರೂಪಾಯಿಗೂ ಮಿಗಿಲು. ಕಟ್ಟಿದ ಮನೆಯನ್ನು ಬರಿಯ ನೆಲದೊಡನೆ ನೇರವಾಗಿ ಹೋಲಿಸಲಾಗದೆಂಬುದು ನಿಜ. ಆದರೆ ಬರಿಯ ನೆಲದ ದರವೂ ಅಲ್ಲಿ ಹತ್ತಾರು ಸಾವಿರಗಳಲ್ಲಿದೆ. ಅಂದರೆ ಈ ಮಹಾನಗರದಲ್ಲಿ ಅತ್ಯಂತ ಅಗ್ಗವಾಗಿ ದೊರೆಯುವ ನೆಲ ಕಾಡಿನದು. ರಸ್ತೆಗೋ ರೈಲಿಗೋ ದಾರಿ ಹುಡುಕುವ ಯೋಜಕನ ಕಣ್ಣು ಮೊದಲು ಎತ್ತ ಹೊರಳುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆದ್ದರಿಂದ ನೆರೆಯ ನೆಲದ ಮಾರುಕಟ್ಟೆ ಮೌಲ್ಯವನ್ನೇ ಕಾಡಿನ ಬಳಕೆಗೂ ವಿಧಿಸಬೇಕೆಂಬ ವಾದ ಹುಟ್ಟುವುದು ಸಹಜ. ಅದರಲ್ಲಿ ಹುರುಳಿದೆ, ಒಂದು ಅಪಾಯವೂ ಇದೆ. ಈಗಿನ ಕ್ರಮದಲ್ಲಿ ಒಂದೇ ವರ್ಗದ, ಒಂದೇ ದಟ್ಟಣೆಯ ಕಾಡಿಗೆ ಅದು ಎಲ್ಲಿಯೇ ಇರಲಿ ಒಂದೇ ದರ. ಎಲೆಯುದುರುವ ತೇವಕಾಡು ಬೊರಿವಲಿಯಲ್ಲಿದ್ದರೂ ಯಲ್ಲಾಪುರದಲ್ಲಿದ್ದರೂ ಲೆಕ್ಕ ಬೇರೆಯಾಗದು. ಮಾರುಕಟ್ಟೆಯ ಅಳತೆಗೋಲನ್ನು ಹಿಡಿದೊಡನೆ ಈ ಸಮಾನತೆ ಮುರಿಯುತ್ತದೆ. ಬೊರಿವಲಿಯ ಕಾಡಿಗೆ ಕೋಟಿಗಳ ಬೆಲೆ ಬಂದೀತು. ಅಕ್ಕಪಕ್ಕದಲ್ಲಿ ಕೊಳ್ಳುವವರೇ ಇಲ್ಲದ ಶರಾವತಿ ಕಣಿವೆಯ ಕಾಡು ಕವಡೆಗೂ ಬೆಲೆಬಾಳದಾದೀತು. ಮುಂಬಯಿಯ ನೆಲದ ಬೆಲೆ ಅಲ್ಲಿ ಎಷ್ಟು ಮಹಡಿ ಏರಿಸಬಹುದೆಂಬುದನ್ನು ಹೇಳುತ್ತದೆಯೇ ಹೊರತು ಮಣ್ಣಿನಲ್ಲಿ ಎಷ್ಟು ನೀರು ಇಂಗುತ್ತದೆಂಬುದನ್ನಲ್ಲ. ಕಾಡಿನ ಲೆಕ್ಕದಿಂದ ಬಂದ ಮೊತ್ತವನ್ನು ತಳಹದಿಯಾಗಿ ಎಲ್ಲೆಡೆಗೂ ಉಳಿಸಿಕೊಂಡು, ನಗರದಂಚಿನ ಕಾಡುಗಳಿಗೆ ಮಾತ್ರ ನೆರೆನೆಲದ ಬೆಲೆಯನ್ನು ಅದರ ಮೇಲೆ ಕೂಡಿಸುವುದು ಇವೆರಡಕ್ಕಿಂತ ಯುಕ್ತವೆನಿಸುತ್ತದೆ.

ಆಗಲೂ ಒಂದು ತೊಡಕು ಉಳಿಯುತ್ತದೆ. ಮುಂಬಯಿಯಲ್ಲಿ ಕಾಡನ್ನು ಕೇಳುವವರು ಬಹುಪಾಲು ಸಾರ್ವಜನಿಕ ಸಂಸ್ಥೆಗಳೇ. 2024ರ ಜುಲೈಯಲ್ಲಿ ಶಂಕುಸ್ಥಾಪನೆಯಾದ ಠಾಣೆ–ಬೊರಿವಲಿ ಜೋಡಿ ಸುರಂಗ ಉದ್ಯಾನದ ಅಡಿಯಲ್ಲಿ ಹಾಯುವಂಥದು. ಅತಿವೇಗದ ರೈಲಿಗಾಗಿ ಸುಮಾರು 20 ಸಾವಿರ ಕಾಂಡ್ಲಾ ಮರಗಳನ್ನು ಕಡಿಯಲು ಉಚ್ಚ ನ್ಯಾಯಾಲಯ 2022ರ ಡಿಸೆಂಬರದಲ್ಲಿ ಅನುಮತಿ ನೀಡಿತು. ಇಂಥಲ್ಲಿ ಶುಲ್ಕವೆಂಬುದು ಸರಕಾರದ ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಗುವ ಹಣ. ದರ ಏರಿದರೆ ಯೋಜನೆಯ ವೆಚ್ಚದ ಪಟ್ಟಿಯಲ್ಲಿ ಒಂದು ಸಾಲು ದೊಡ್ಡದಾಗಬಹುದು. ದಾರಿ ಬದಲಾಗುವುದು ವಿರಳ.

ಬೆಲೆಗಿಂತ ಮೊದಲು ಇತ್ಯರ್ಥವಾಗಬೇಕಾದುದು ಹೆಸರು. ಆರೆ ಕಾಲೊನಿಯ ನೆಲ ದಾಖಲೆಯಲ್ಲಿ ಹೈನುಗಾರಿಕೆಯದು. ಅದನ್ನು ಅರಣ್ಯವೆಂದು ಘೋಷಿಸಬೇಕೆಂಬ ಅರ್ಜಿಗಳನ್ನು 2019ರ ಅಕ್ಟೋಬರ 4ರಂದು ಉಚ್ಚ ನ್ಯಾಯಾಲಯ ತಳ್ಳಿಹಾಕಿದ ಮೇಲೆ, ಸರ್ವೋಚ್ಚ ನ್ಯಾಯಾಲಯ ತಡೆಯುವಷ್ಟರಲ್ಲಿ, ಮೆಟ್ರೋ ಡಿಪೋಗಾಗಿ 2,141 ಮರಗಳು ಉರುಳಿದ್ದವು. ಕಾಡೆಂಬ ಹೆಸರಿಲ್ಲದ ನೆಲಕ್ಕೆ ಕಾಡಿನ ಮೌಲ್ಯ ಕಟ್ಟುವ ಪ್ರಶ್ನೆಯೇ ಬರಲಿಲ್ಲ. 2021ರಲ್ಲಿ ಅದೇ ಆರೆಯ ಸುಮಾರು 812 ಎಕರೆ ಅರಣ್ಯ ಇಲಾಖೆಗೆ ಸೇರಿತು. ಇದರ ತಿರುವುಮುರುವು ಮುಲುಂಡ್, ಕಾಂದಿವಲಿಗಳಲ್ಲಿ ನಡೆದಿತ್ತು. 1975ರ ಖಾಸಗಿ ಅರಣ್ಯ ಸ್ವಾಧೀನ ಕಾಯಿದೆಯನ್ನು ದಶಕಗಳ ಬಳಿಕ ನೆನೆದು, ಹಳೆಯ ನೋಟೀಸುಗಳ ಆಧಾರದ ಮೇಲೆ ಸರಕಾರ ಸಾವಿರಾರು ಮನೆಗಳು ಎದ್ದುನಿಂತ ಜಾಗವನ್ನು ಕಾಡೆಂದು ದಾಖಲಿಸಿತು. ಜೀವಮಾನದ ಉಳಿತಾಯವನ್ನೆಲ್ಲ ಸುರಿದು ಮನೆ ಕೊಂಡ ಮಧ್ಯಮ ವರ್ಗದವರು ತಾವು ಕಾಡಿನಲ್ಲಿ ಅಕ್ರಮವಾಗಿ ವಾಸಿಸುತ್ತಿದ್ದೇವೆಂಬ ಭಯದಲ್ಲಿ ವರ್ಷಗಟ್ಟಲೆ ಕಳೆದರು. 2008ರಲ್ಲಿ ಉಚ್ಚ ನ್ಯಾಯಾಲಯ ಸರಕಾರದ ನಿಲುವನ್ನು ಒಪ್ಪಿತು; 2014ರ ಜನವರಿ 30ರಂದು ಸರ್ವೋಚ್ಚ ನ್ಯಾಯಾಲಯ ಗೋದ್ರೇಜ್ ಮತ್ತು ಬಾಯ್ಸ್ ಪ್ರಕರಣದಲ್ಲಿ ಅದನ್ನು ರದ್ದುಪಡಿಸಿತು. ನೋಟೀಸು ಹೊರಡಿಸಿದರಷ್ಟೇ ಸಾಲದು, ಅದು ಭೂಮಿಯ ಒಡೆಯನ ಕೈಸೇರಿರಬೇಕು ಎಂಬುದು ತೀರ್ಪಿನ ತಿರುಳು.

ಉದ್ಯಾನದ ಒಳಗೂ ಆರೆಯಲ್ಲೂ ಇರುವ ಪಾಡಾಗಳ ವಾರಲಿ ಜನರಿಗೆ ಅಂಥ ತೀರ್ಪಿನ ಆಸರೆ ಸಿಕ್ಕಿಲ್ಲ. ಅವರ ಸೌದೆ, ಸೊಪ್ಪು, ಗೆಡ್ಡೆಗೆಣಸುಗಳು ಕಾಡಿನ ಮೌಲ್ಯದ ಲೆಕ್ಕದಲ್ಲಿ ಒಂದು ಬಾಬತ್ತಾಗಿ ಸೇರುತ್ತವೆ. ಚೋಪ್ರಾ ಸಮಿತಿಯು ಮೊತ್ತದಲ್ಲಿ ಸ್ಥಳೀಯರ, ರಾಜ್ಯದ, ರಾಷ್ಟ್ರದ ಪಾಲುಗಳನ್ನು ಬೇರೆಬೇರೆಯಾಗಿ ಗುರುತಿಸಲು ಯತ್ನಿಸಿತ್ತು. 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯಿದೆಯು ಹಣದ ಶೇಕಡಾ 90ನ್ನು ರಾಜ್ಯಕ್ಕೂ 10ನ್ನು ಕೇಂದ್ರಕ್ಕೂ ಹಂಚಿತು. ಪಾಡಾದ ಮನೆಗೆ ನೇರವಾದ ಪಾಲು ಅದರಲ್ಲಿಲ್ಲ. ಅವರ ಹಕ್ಕಿನ ಮಾತು 2006ರ ಅರಣ್ಯ ಹಕ್ಕು ಕಾಯಿದೆಗೆ ಸೇರಿದ್ದೆಂದು ಅಧಿಕಾರಿಗಳು ಹೇಳುತ್ತಾರೆ. ಶುಲ್ಕದ ಲೆಕ್ಕ ಒಂದು ಕಡತದಲ್ಲಿ, ಹಕ್ಕಿನ ಅರ್ಜಿ ಇನ್ನೊಂದು ಕಡತದಲ್ಲಿ. ಭಾಸ್ಕರಪ್ಪನವರ ವ್ಯಾಜ್ಯದ ಕಾಲದಲ್ಲಿ ಹಕ್ಕು ಸವಲತ್ತಾಯಿತು. ಈಗ ಆ ಸವಲತ್ತು ಚದರ ಮೀಟರಿನ ಲೆಕ್ಕದೊಳಗಿನ ಒಂದು ಅಂಕಿ.